ಕತ್ತು ಬಗ್ಗದ ಜ್ವರ

ಕಾಯಿಲೆ ಕಸಾಲೆಗಳ ವಿಷಯ ಬರೆಯುವುದು ಇರ್ವಿನ್ ರಸ್ತೆಯ ಆಚೆಯ ವೈದ್ಯಕೀಯ ಕಾಲೇಜಿನವರ ಕೆಲಸ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ನಮಗೇಕೆ ಈ ಅಧಿಕಪ್ರಸಂಗ, ಎಂದು ಕೇಳುವ ಮಿತ್ರರು ಇದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ವೈದ್ಯರು ರೋಗಿಯನ್ನು ನೋಡುವುದು ರೋಗಿ ಅವರ ಮುಂದೆ ಬಂದ ಮೇಲೆ. ಅಲ್ಲಿಯವರೆಗೆ ಅವನನ್ನು ನೋಡುವವರು ಯಾರು? ಪಕ್ಕದ ಮಂಚದವನು, ಎದುರು ಕೋಣೆಯವಳು, ಅನ್ನ ಬಡಿಸುವ ಭಟ್ಟರು, ರಾತ್ರಿ ಬೀಗ ಹಾಕುವ ಕಾವಲುಗಾರ. ಇವರಲ್ಲಿ ಯಾರೂ ವೈದ್ಯಶಾಸ್ತ್ರ ಓದಿದವರಲ್ಲ. ಕೆಲವು ಕಾಯಿಲೆಗಳಲ್ಲಿ ಜೀವ ಉಳಿಯುವುದೂ ಹೋಗುವುದೂ ಇವರು ನೋಡುವ ಆ ಹತ್ತು ಹನ್ನೆರಡು ಗಂಟೆಗಳಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಅಂಥ ಒಂದು ಕಾಯಿಲೆಯನ್ನು ಕುರಿತು, ಮತ್ತು ನಮ್ಮ ಹಾಸ್ಟೆಲುಗಳಲ್ಲಿ ನಡೆದುಬಂದಿರುವ ಒಂದು ಪದ್ಧತಿಯನ್ನು ಕುರಿತು, ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳಲು ಬಯಸುತ್ತೇನೆ.

ಮೈಸೂರು ಅರಮನೆಗಳ ಊರು ಎಂದು ಹೊರಗಿನವರು ಹೇಳುತ್ತಾರೆ. ಒಳಗಿರುವ ನಮಗೆ ಇದು ಹಾಸ್ಟೆಲುಗಳ ಊರು. ಸರ್ಕಾರದ ಹಾಸ್ಟೆಲು, ಮಠದ ಹಾಸ್ಟೆಲು, ಜನಾಂಗದ ಹಾಸ್ಟೆಲು, ಇವುಗಳಲ್ಲಿ ಸೀಟು ಸಿಕ್ಕದವರಿಗೆ ಸರಸ್ವತೀಪುರದಿಂದ ಕುವೆಂಪುನಗರದವರೆಗೆ ಬೀದಿಗೆ ನಾಲ್ಕರಂತೆ ಇರುವ ಪೀಜಿಗಳು. ಹೆಗ್ಗಡದೇವನಕೋಟೆಯವನು, ಗುಂಡ್ಲುಪೇಟೆಯವನು, ಕೊಳ್ಳೇಗಾಲದವನು, ಕೆ.ಆರ್. ಪೇಟೆಯವನು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರೆ. ಒಂದೇ ತಟ್ಟೆಯ ಚುರುಮುರಿಗೆ ಐದು ಕೈ ಹಾಕುತ್ತಾರೆ. ಇದು ನಮ್ಮ ಸ್ನೇಹದ ಲಕ್ಷಣ. ಇದನ್ನು ನಾನು ದೂಷಿಸುವುದಿಲ್ಲ. ಆದರೆ ಹೀಗೆ ಹತ್ತಿರ ಹತ್ತಿರ ಬದುಕುವ ಹದಿನೆಂಟು ಇಪ್ಪತ್ತರ ವಯಸ್ಸಿನವರನ್ನೇ ಹುಡುಕಿಕೊಂಡು ಬರುವ ಒಂದು ರೋಗಾಣು ಉಂಟು. ಅದರ ಹೆಸರು ಮೆನಿಂಗೋಕಾಕಸ್. ಅದು ತರುವ ಕಾಯಿಲೆ ಮೆನಿಂಜೈಟಿಸ್.

ನಮ್ಮ ಮಿದುಳಿಗೂ ಬೆನ್ನುಹುರಿಗೂ ಮೂರು ಪದರದ ಪೊರೆಯ ಹೊದಿಕೆಯಿದೆ. ಆ ಪೊರೆಗಳಿಗೆ ಸೋಂಕು ತಗುಲಿ ಊದಿಕೊಳ್ಳುವುದೇ ಮೆನಿಂಜೈಟಿಸ್. ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೆಯ ಹೆಸರಿಲ್ಲದಿರುವುದು ಒಂದು ತೊಡಕೇ ಸರಿ. ಪತ್ರಿಕೆಗಳಲ್ಲಿ 'ಮಿದುಳು ಜ್ವರ' ಎಂದು ಬರೆಯುತ್ತಾರೆ. ಆದರೆ ಮಂಡ್ಯ, ಕೋಲಾರಗಳ ಕಡೆ ಮಿದುಳು ಜ್ವರ ಎಂದರೆ ಗದ್ದೆಯ ಸೊಳ್ಳೆಯಿಂದ ಮಕ್ಕಳಿಗೆ ಬರುವ ಬೇರೊಂದು ಕಾಯಿಲೆ. ಅದು ವೈರಸ್ಸಿನದು, ಮಿದುಳಿಗೇ ತಗುಲುವಂಥದು. ಹೆಸರು ಒಂದೇ ಆದ್ದರಿಂದ ಜನ ಸೊಳ್ಳೆ ಪರದೆ ಕಟ್ಟಿಕೊಂಡು ನಿಶ್ಚಿಂತರಾಗುತ್ತಾರೆ. ನಾನು ಹೇಳುತ್ತಿರುವ ಕಾಯಿಲೆಗೂ ಸೊಳ್ಳೆಗೂ ಯಾವ ಸಂಬಂಧವೂ ಇಲ್ಲ. 'ಪೊರೆಯ ಉರಿಯೂತ' ಎಂದು ಪಾರಿಭಾಷಿಕ ಪದ ಮಾಡಿದ್ದಾರೆ. ಅದನ್ನು ಯಾವ ತಾಯಿಯೂ ಬಾಯಿಬಿಟ್ಟು ಹೇಳಲಾರಳು. ಆದ್ದರಿಂದ ನಾನು ಇದನ್ನು ಕತ್ತು ಬಗ್ಗದ ಜ್ವರ ಎಂದು ಕರೆದಿದ್ದೇನೆ. ಕನ್ನಡ ಅಧ್ಯಾಪಕರು ಇದಕ್ಕಿಂತ ಒಳ್ಳೆಯದನ್ನು ಸೂಚಿಸಿದರೆ ಸಂತೋಷದಿಂದ ಒಪ್ಪುತ್ತೇನೆ.

ಈ ಪೊರೆಗಳಿಗೆ ಸೋಂಕು ತರುವ ಬ್ಯಾಕ್ಟೀರಿಯಗಳು ಹಲವು. ನಮ್ಮ ರಾಜ್ಯದ ಮಟ್ಟಿಗೆ ಇದರ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು. ಅಲ್ಲಿಗೆ ಹತ್ತು ವರ್ಷಗಳಲ್ಲಿ ಬಂದ ರೋಗಿಗಳ ವಿವರವನ್ನು ಅವರು 2007ರಲ್ಲಿ ಪ್ರಕಟಿಸಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಗುಲಿದ್ದು ನ್ಯುಮೋಕಾಕಸ್, ಅಂದರೆ ನ್ಯುಮೋನಿಯ ತರುವ ಅದೇ ಕ್ರಿಮಿ. ಕ್ಷಯದ ಕ್ರಿಮಿಯೂ ಮಿದುಳಿನ ಪೊರೆಗೆ ಹತ್ತುತ್ತದೆ. ಅದು ನಿಧಾನವಾದದ್ದು, ವಾರಗಟ್ಟಲೆ ಸಣ್ಣ ಜ್ವರ, ತಲೆನೋವು, ಮಂಕು ಎಂದು ಹೊಂಚುಹಾಕಿ ಬರುತ್ತದೆ. ಕೃಷ್ಣರಾಜಸಾಗರದ ರಸ್ತೆಯಲ್ಲಿ 1921ರಲ್ಲಿ ಆರಂಭವಾದ ಕ್ಷಯರೋಗದ ಆಸ್ಪತ್ರೆಯನ್ನು ನಾವೆಲ್ಲ ನೋಡಿದ್ದೇವೆ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಅದು ಹೊತ್ತಿದೆ. ಕ್ಷಯ ಎಂದರೆ ಕೆಮ್ಮು ಮಾತ್ರ ಎಂದು ತಿಳಿದವರು ಇದನ್ನು ನೆನಪಿಡಬೇಕು.

ಆದರೆ ಕಾಲೇಜಿನವರು ಹೆಚ್ಚು ಎಚ್ಚರವಾಗಿರಬೇಕಾದದ್ದು ಮೆನಿಂಗೋಕಾಕಸ್ ವಿಷಯದಲ್ಲಿ. ಇದು ಅಪರೂಪ, ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಸುಮಾರು ಹತ್ತರಲ್ಲಿ ಒಬ್ಬರ ಮೂಗು ಗಂಟಲುಗಳಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಹರೆಯದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಎಲ್ಲೋ ಒಬ್ಬರಲ್ಲಿ ಅದು ಗಂಟಲಿನಿಂದ ರಕ್ತಕ್ಕೆ ಇಳಿಯುತ್ತದೆ. ಇಳಿದರೆ ಮಾತ್ರ ಅದರ ವೇಗ ಭಯಂಕರ. ಬೆಳಿಗ್ಗೆ ತರಗತಿಯಲ್ಲಿ ನಗುತ್ತ ಕುಳಿತವನು ಮರುದಿನದ ಹೊತ್ತಿಗೆ ಇಲ್ಲದಿರಬಹುದು. ಬ್ಯಾಕ್ಟೀರಿಯದಿಂದ ಬರುವ ಮೆನಿಂಜೈಟಿಸ್ ತಗುಲಿದವರಲ್ಲಿ ಆರರಲ್ಲಿ ಒಬ್ಬರು ಸಾಯುತ್ತಾರೆ, ಐವರಲ್ಲಿ ಒಬ್ಬರಿಗೆ ಕಿವುಡೋ ಅಂಗಹೀನತೆಯೋ ಮತ್ತಾವುದೋ ತೀವ್ರ ತೊಂದರೆ ಉಳಿಯುತ್ತದೆ, ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಇದು ಎಲ್ಲಿಯೋ ಪರದೇಶದ ಕಾಯಿಲೆ ಎಂದುಕೊಳ್ಳುವಂತಿಲ್ಲ. ದೆಹಲಿಯಲ್ಲಿ 1966ರಲ್ಲಿ, 1985ರಲ್ಲಿ, ಮತ್ತೆ 2005ರಲ್ಲಿ ಇದು ಪಿಡುಗಾಗಿ ಹರಡಿತು. 2008-09ರಲ್ಲಿ ಮೇಘಾಲಯದಲ್ಲಿ ಕಾಣಿಸಿಕೊಂಡಿತು. ನಮ್ಮ ಕಡೆ ಅಂಥ ದೊಡ್ಡ ಪಿಡುಗಿನ ಸುದ್ದಿಯಿಲ್ಲ, ಬಿಡಿಬಿಡಿಯಾಗಿ ಬರುತ್ತದೆ. ಬಿಡಿಯಾಗಿ ಬರುವುದರಿಂದಲೇ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಪಿಡುಗು ಬಂದರೆ ಊರೇ ಎಚ್ಚರವಾಗಿರುತ್ತದೆ. ಒಬ್ಬನಿಗೆ ಬಂದರೆ ಅದು ಬರೀ ಜ್ವರ.

ಈ 'ಬರೀ ಜ್ವರ' ಎಂಬ ಎರಡು ಮಾತಿನ ಮೇಲೆಯೇ ನನ್ನ ಜಗಳ. ಹಾಸ್ಟೆಲಿನಲ್ಲಿ ಜ್ವರಕ್ಕೆ ಒಂದು ಶಾಸ್ತ್ರವೇ ಇದೆ. ಮೊದಲನೆಯ ದಿನ ಮೂಲೆಯ ಮೆಡಿಕಲ್ ಸ್ಟೋರಿನಿಂದ ಡೋಲೊ ಮಾತ್ರೆ. ಎರಡನೆಯ ದಿನ ಅದೇ ಅಂಗಡಿಯವನು, ಯಾರ ಚೀಟಿಯೂ ಇಲ್ಲದೆ, 'ಇದೊಂದು ತಗೊಳಿ, ಸ್ಟ್ರಾಂಗು' ಎಂದು ಕೊಡುವ ಮೂರೋ ನಾಲ್ಕೋ ಆಂಟಿಬಯಾಟಿಕ್ ಮಾತ್ರೆ. ಮೂರನೆಯ ದಿನ ಎಲ್ಲರೂ ಸೇರಿ ಕೊಡುವ ಏಕಾಭಿಪ್ರಾಯದ ಸಲಹೆ: 'ಊರಿಗೆ ಹೋಗಿಬಿಡೋ.' ಗ್ರಾಮಾಂತರ ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಒಂದು ಬಾಟಲಿ ನೀರು ಕೈಗಿತ್ತು ಸ್ನೇಹಿತರು ಹಿಂತಿರುಗುತ್ತಾರೆ. ತಾವು ಮಾಡಬೇಕಾದದ್ದನ್ನು ಮಾಡಿದೆವು ಎಂಬ ತೃಪ್ತಿ ಅವರಿಗೆ.

ಊರಿಗೆ ಕಳಿಸುವುದಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ತಾಯಿ ಗಂಜಿ ಕಾಯಿಸಿ ಕೊಡುತ್ತಾಳೆ. ಇಲ್ಲಿ ಮೆಸ್ಸಿನಲ್ಲಿ ಜ್ವರದವನಿಗೂ ಅದೇ ಚಿತ್ರಾನ್ನ. ಆಸ್ಪತ್ರೆಗೆ ಹೋದರೆ ಹಣ ಯಾರು ಕೊಡಬೇಕು, ಜೊತೆಗೆ ಯಾರು ಕೂರಬೇಕು ಎಂಬ ಸಂಕೋಚ ಬೇರೆ. ವಾರ್ಡನ್ನರಿಗೂ ಒಂದು ಭಾರ ಇಳಿದಂತಾಗುತ್ತದೆ. ಸಾಮಾನ್ಯ ಜ್ವರಕ್ಕೆ ಈ ಪದ್ಧತಿಯಿಂದ ಹಾನಿಯೇನೂ ಇಲ್ಲ, ಎಷ್ಟೋ ಸಲ ಒಳ್ಳೆಯದೇ. ಆದರೆ ಸ್ವಲ್ಪ ಯೋಚಿಸಿ ನೋಡೋಣ: ನಾವು ಮಾಡುತ್ತಿರುವುದೇನು? ಕೃಷ್ಣರಾಜೇಂದ್ರ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಊರಿನಿಂದ, ರಾತ್ರಿ ಡಾಕ್ಟರೇ ಸಿಕ್ಕದ ಊರಿಗೆ, ಪ್ರಜ್ಞೆ ಮಂಕಾಗುತ್ತಿರುವ ಒಬ್ಬನನ್ನು ಒಂಟಿಯಾಗಿ ಎರಡು ಮೂರು ಗಂಟೆಯ ಬಸ್ ಪ್ರಯಾಣಕ್ಕೆ ಕಳಿಸುತ್ತಿದ್ದೇವೆ. ನಮ್ಮ ಹಳ್ಳಿಯ ಹಿರಿಯರು ತಲೆಮಾರುಗಳ ಕಾಲ ಗಾಡಿ ಕಟ್ಟಿಕೊಂಡು ರೋಗಿಗಳನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ತಂದರು. ಓದಿದ ನಾವು ಅದೇ ದಾರಿಯಲ್ಲಿ ರೋಗಿಯನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ!

ನನ್ನ ಚಿಕ್ಕಪ್ಪನ ಮಗನ ವಿಷಯವನ್ನು ಇಲ್ಲಿ ಹೇಳಬೇಕು. ಅವನು ಬೇರೊಂದು ಊರಿನಲ್ಲಿ ಮೂವರು ಹುಡುಗರ ಜೊತೆ ಕೋಣೆ ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದ. ಎರಡು ದಿನ ಜ್ವರವೆಂದು ಮಲಗಿದ್ದ. ಜೊತೆಯವರು ಪರೀಕ್ಷೆಗೆ ನಿದ್ದೆಗೆಟ್ಟು ಈಗ ಮಲಗಿದ್ದಾನೆ ಎಂದುಕೊಂಡರು. ಕರೆದರೆ 'ಊಂ' ಎನ್ನುತ್ತಿದ್ದನಂತೆ, ದೀಪ ಹಾಕಿದರೆ ಬೈಯುತ್ತಿದ್ದನಂತೆ. ಮೂರನೆಯ ದಿನ ಬೆಳಿಗ್ಗೆ ತನ್ನ ಕೋಣೆಯವನ ಹೆಸರನ್ನೇ ತಪ್ಪಿ ಕರೆದಾಗ ಅವರಿಗೆ ಹೆದರಿಕೆಯಾಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಚಿಕ್ಕಪ್ಪ ಊರಿನಿಂದ ಓಡಿಬಂದರು, ನಾನೂ ಹೋದೆ. ಡಾಕ್ಟರು ಆಗಲೇ ಔಷಧಿಯ ಇಂಜೆಕ್ಷನ್ ಆರಂಭಿಸಿದ್ದರು. ಆದರೆ ಯಾವ ಕ್ರಿಮಿ, ಎಷ್ಟು ದಿನದ ಔಷಧಿ ಎಂಬುದು ನಿಶ್ಚಯವಾಗಲು ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡಬೇಕು, ರುಜು ಹಾಕಿ, ಎಂದರು.

ಚಿಕ್ಕಪ್ಪ ಕೈ ಮುಗಿದುಬಿಟ್ಟರು. 'ಬ್ಯಾಡಿ ಸ್ವಾಮಿ. ಬೆನ್ನಿಗೆ ಸೂಜಿ ಚುಚ್ಚಿಸ್ಕೊಂಡೋರು ಸೊಂಟ ಬಿದ್ದೋಗ್ತಾರೆ. ನಮ್ಮೂರಲ್ಲಿ ಒಬ್ಬನಿಗೆ ನೀರು ತೆಗುದ್ರು, ಮಾರನೇ ದಿನ ಅವ ಉಳೀನಿಲ್ಲ. ಬೇರೆ ಏನು ಬೇಕಾದ್ರೂ ಮಾಡಿ.'

ಡಾಕ್ಟರು ಇಂಗ್ಲಿಷು ಬೆರೆಸಿ ಎರಡು ಸಲ ವಿವರಿಸಿದರು. ಚಿಕ್ಕಪ್ಪ ಗೋಡೆ ನೋಡುತ್ತ ನಿಂತರು. ಆಗ ಅಲ್ಲಿ ಹಾಸಿಗೆ ಸರಿಮಾಡುತ್ತಿದ್ದ ವಯಸ್ಸಾದ ನರ್ಸಮ್ಮನವರು ಕೇಳಿದರು: 'ಯಜಮಾನ್ರೆ, ನಿಮಗೆ ಹೆಣ್ಣು ಮಕ್ಕಳಿದಾರಾ?'

'ಅವಳೇ ಕಣವ್ವ, ಇವನ ಅಕ್ಕ.'

'ಹೆರಿಗೆ ಹೆಂಗಾಯ್ತು?'

'ಆಪ್ರೇಸನ್ನು.'

'ಆಪರೇಷನ್ ಮಾಡುವಾಗ ಎಲ್ಲಿ ಸೂಜಿ ಹಾಕಿದ್ರು ಅಂತ ಮಗಳನ್ನ ಕೇಳಿದ್ರಾ? ಇದೇ ಬೆನ್ನಿಗೆ, ಇದೇ ಜಾಗಕ್ಕೆ. ಈಗ ಓಡಾಡ್ತಿಲ್ವಾ? ಕೂಸು ಎತ್ಕೋತಿಲ್ವಾ?'

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಬ್ಬೆಟ್ಟಲ್ಲ, ಕಷ್ಟಪಟ್ಟು ಕಲಿತ ತಮ್ಮ ರುಜುವನ್ನೇ ಹಾಕಿದರು. ಆರೋಗ್ಯವಂತರಲ್ಲಿ ತಿಳಿನೀರಿನಂತಿರಬೇಕಾದ ಆ ದ್ರವ ಅಕ್ಕಿ ತೊಳೆದ ನೀರಿನಂತೆ ಬಂದಿತ್ತು ಎಂದು ಆಮೇಲೆ ಹೇಳಿದರು. ಹುಡುಗ ಬದುಕಿದ. ಎಡಗಿವಿ ಹೋಯಿತು. ಈಗ ಅವನು ಮಾತನಾಡುವವರ ಎಡಗಡೆಯೇ ನಡೆಯುತ್ತಾನೆ, ಬಲಗಿವಿ ಅವರ ಕಡೆಗೆ ಬರಲಿ ಎಂದು.

ಆ ನರ್ಸಮ್ಮನವರ ಒಂದು ಪ್ರಶ್ನೆಯನ್ನು ನಾನು ಎಷ್ಟೋ ಭಾಷಣಗಳಿಗಿಂತ ಮೇಲೆಂದು ಎಣಿಸುತ್ತೇನೆ. ಬೆನ್ನಿನ ನೀರಿನ ವಿಷಯದಲ್ಲಿ ನಮ್ಮ ಜನರಿಗಿರುವ ಭೀತಿ ಸುಮ್ಮನೆ ಹುಟ್ಟಿದ್ದಲ್ಲ. ನೀರು ತೆಗೆಯುವುದು ಕಾಯಿಲೆ ಬಲಿತವರಿಗೇ. ಅವರಲ್ಲಿ ಕೆಲವರು ಸಾಯುತ್ತಾರೆ. ನೋಡಿದವರು ಸೂಜಿಯಿಂದಲೇ ಸತ್ತರು ಎನ್ನುತ್ತಾರೆ. ತರ್ಕಶಾಸ್ತ್ರದ ತರಗತಿಯಲ್ಲಿ ಇಂಥ ದೋಷಕ್ಕೆ ಲ್ಯಾಟಿನ್ ಹೆಸರು ಕಲಿಯುತ್ತೇವೆ, ಊರಿಗೆ ಹೋದಾಗ ಕೇಳಿ ತಲೆಯಾಡಿಸುತ್ತೇವೆ. ನಿಜಾಂಶವೇನೆಂದರೆ, ದೊಡ್ಡವರ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ, ಒಂದನೆಯ ಎರಡನೆಯ ಸೊಂಟದ ಮೂಳೆಗಳ ಮಟ್ಟದಲ್ಲಿ, ಮುಗಿದುಹೋಗುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಈ ದ್ರವವನ್ನು ತಾನೇ ಮಾಡಿಕೊಳ್ಳುತ್ತದೆ. ತೆಗೆಯುವುದು ಒಂದೆರಡು ಚಮಚೆಯಷ್ಟು. ಜರ್ಮನಿಯ ಕ್ವಿಂಕೆ ಎಂಬ ವೈದ್ಯ 1891ರಲ್ಲಿ ರೂಢಿಗೆ ತಂದ ವಿಧಾನವಿದು. ನೂರಮೂವತ್ತು ವರ್ಷಗಳ ಅನುಭವ ಇದರ ಹಿಂದಿದೆ. ಮಿದುಳಿನೊಳಗೆ ಒತ್ತಡ ಹೆಚ್ಚಿರುವಂಥ ಕೆಲವು ಸಂದರ್ಭಗಳಲ್ಲಿ ಡಾಕ್ಟರು ತಾವಾಗಿಯೇ ಇದನ್ನು ತಡೆಹಿಡಿಯುತ್ತಾರೆ; ಆ ತೀರ್ಮಾನ ಅವರದು. ನಮ್ಮ ಕೆಲಸ, ಗಾಬರಿಯಾದ ತಂದೆತಾಯಿಗಳಿಗೆ ಅವರ ಮಾತಿನಲ್ಲಿಯೇ ತಿಳಿಸುವುದು. ಕಲಾ ವಿಭಾಗದವರು ವೈದ್ಯರಿಗಿಂತ ಚೆನ್ನಾಗಿ ಮಾಡಬಹುದಾದ ಕೆಲಸ ಇದೊಂದು ಎಂದು ನನಗೆ ತೋರುತ್ತದೆ.

ಮೆಡಿಕಲ್ ಸ್ಟೋರಿನ ಬಿಡಿ ಮಾತ್ರೆಗಳ ವಿಷಯವೂ ಇದಕ್ಕೆ ಸೇರಿದೆ. ಮೂರು ಮಾತ್ರೆ ನುಂಗಿದರೆ ಮಿದುಳಿನ ಪೊರೆಯಲ್ಲಿರುವ ಕ್ರಿಮಿ ಸಾಯುವುದಿಲ್ಲ. ಆದರೆ ಆಮೇಲೆ ತೆಗೆದ ದ್ರವವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಹೋದಾಗ ಕ್ರಿಮಿ ಬೆಳೆಯದೆ, ಯಾವುದು ಎಂದು ತಿಳಿಯದೆ ಹೋಗುತ್ತದೆ. ಕಳ್ಳನನ್ನು ಹಿಡಿಯಲಿಲ್ಲ, ಹೆಜ್ಜೆ ಗುರುತು ಮಾತ್ರ ಅಳಿಸಿದೆವು.

ಹಾಗಾದರೆ ಬರೀ ಜ್ವರವನ್ನೂ ಈ ಜ್ವರವನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ? ಪೂರ್ತಿಯಾಗಿ ತಿಳಿಯುವುದು ನಮ್ಮಿಂದಾಗದು, ಅಗತ್ಯವೂ ಇಲ್ಲ. ಸಂಶಯ ಬರುವಷ್ಟು ತಿಳಿದರೆ ಸಾಕು. ಇದುವರೆಗೆ ಕಂಡರಿಯದಂಥ ತಲೆನೋವು, ವಾಂತಿ, ಬೆಳಕನ್ನು ಸಹಿಸಲಾರದಿರುವುದು, ಮಲಗಿದವನ ತಲೆಯ ಹಿಂದೆ ಕೈಯಿಟ್ಟು ಎತ್ತಿದರೆ ಗದ್ದ ಎದೆಗೆ ಮುಟ್ಟದೆ ಕತ್ತು ಹಲಗೆಯಂತೆ ಬಿರುಸಾಗಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿನಲ್ಲಿ ತೊದಲು, ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು. ಇವೆಲ್ಲ ಒಟ್ಟಿಗೇ ಬರಬೇಕೆಂದಿಲ್ಲ. ಕತ್ತು ಬಿರುಸಾಗುವುದು ಸ್ವಲ್ಪ ತಡವಾಗಿಯೇ ಬರಬಹುದು. ಅದಕ್ಕೂ ಮೊದಲು ಕೈಕಾಲು ತಣ್ಣಗಾಗುವುದು, ಕಾಲುಗಳಲ್ಲಿ ವಿಪರೀತ ನೋವು, ಮುಖ ಬಿಳಚಿಕೊಳ್ಳುವುದು ಕಾಣಬಹುದು. ರಕ್ತಕ್ಕೆ ಸೋಂಕು ಹರಡಿದ್ದರೆ ಮೈಮೇಲೆ ಕೆಂಪು ಅಥವಾ ನೇರಿಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡಬೇಕು. ಬೇರೆ ದದ್ದುಗಳು ಸಾಮಾನ್ಯವಾಗಿ ಒತ್ತಿದಾಗ ಮಾಯವಾಗುತ್ತವೆ, ಇವು ಮಾಯವಾಗುವುದಿಲ್ಲ. ಪಾಶ್ಚಾತ್ಯರ ಪುಸ್ತಕಗಳಲ್ಲಿ ಚುಕ್ಕೆಯ ಚಿತ್ರವನ್ನು ಬಿಳಿಯ ಚರ್ಮದ ಮೇಲೆ ಬರೆದಿರುತ್ತಾರೆ. ನಮ್ಮ ಎಣ್ಣೆಗೆಂಪು, ಕಪ್ಪು ಮೈಗಳ ಮೇಲೆ ಅದು ಸುಲಭವಾಗಿ ಕಾಣದು; ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ, ಬಾಯಿಯ ಅಂಗುಳ, ಇಲ್ಲಿ ಹುಡುಕಬೇಕು. ಆದರೆ ಚುಕ್ಕೆಗಾಗಿ ಕಾಯಬಾರದು. ಚುಕ್ಕೆ ಬರದೆಯೂ ಕಾಯಿಲೆ ಇರುತ್ತದೆ.

ಔಷಧಿ ಇಲ್ಲದ ಕಾಯಿಲೆಯಾಗಿದ್ದರೆ ಇಷ್ಟೆಲ್ಲ ಹೇಳುವುದು ವ್ಯರ್ಥವಾಗುತ್ತಿತ್ತು. ಜಿನೀವಾದಲ್ಲಿ 1805ರಲ್ಲಿ ಇದನ್ನು ಮೊದಲು ವರ್ಣಿಸಿದಾಗಿನಿಂದ ಒಂದು ಶತಮಾನ ಕಾಲ ವೈದ್ಯರು ಕೈಕಟ್ಟಿ ನೋಡುವುದಷ್ಟೇ ಆಗಿತ್ತು; ತಗುಲಿದವರಲ್ಲಿ ಬಹುಪಾಲು ಸಾಯುತ್ತಿದ್ದರು. 1930ರ ದಶಕದಲ್ಲಿ ಸಲ್ಫಾ, ಅನಂತರ ಪೆನಿಸಿಲಿನ್ ಬಂದ ಮೇಲೆ ಆಟ ತಿರುಗಿತು. ಈಗ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಿ ಯಾವ ಸರ್ಕಾರಿ ಆಸ್ಪತ್ರೆಯಲ್ಲಿಯೂ ಅಪರೂಪದ್ದಲ್ಲ, ಬೆಲೆಯೂ ಹೆಚ್ಚಲ್ಲ. ಅಂದರೆ ಔಷಧಿ ಊರಿನಲ್ಲಿದೆ, ರೋಗಿಯೂ ಊರಿನಲ್ಲಿದ್ದಾನೆ, ಮಧ್ಯೆ ಇರುವುದು ಹಾಸ್ಟೆಲಿನ ಗೇಟು.

ಲಸಿಕೆಯ ಪ್ರಶ್ನೆಯನ್ನು ಕೆಲವರು ಎತ್ತುತ್ತಾರೆ. ಅಮೆರಿಕದಲ್ಲಿ 2005ರಿಂದ ಹಾಸ್ಟೆಲಿಗೆ ಬರುವ ಹೊಸ ವಿದ್ಯಾರ್ಥಿಗಳಿಗೆ ಈ ಲಸಿಕೆಯನ್ನು ಶಿಫಾರಸು ಮಾಡಿದರು; ಇಂಗ್ಲೆಂಡಿನಲ್ಲಿ 2015ರಿಂದ ಹರೆಯದವರಿಗೆ ಕೊಡುತ್ತಿದ್ದಾರೆ. ನಮ್ಮಲ್ಲಿ ಹಜ್ ಯಾತ್ರೆಗೆ ಹೋಗುವವರು ಇದನ್ನು ಹಾಕಿಸಿಕೊಳ್ಳಲೇಬೇಕು. ವಿದೇಶಕ್ಕೆ ಓದಲು ಹೋಗುವವರಿಗೂ ಎಷ್ಟೋ ಕಡೆ ಕೇಳುತ್ತಾರೆ. ಆದ್ದರಿಂದ ನಮ್ಮ ಕಾಲೇಜಿನವರಿಗೆಲ್ಲ ಏಕೆ ಕೊಡಬಾರದು ಎಂದು ಒಬ್ಬ ಮಿತ್ರ ಚರ್ಚಾಕೂಟದಲ್ಲಿ ಆವೇಶದಿಂದ ಕೇಳಿದ. ಅವನ ಆವೇಶವನ್ನು ಮೆಚ್ಚುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಈ ಲಸಿಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಲ್ಲ. ಖಾಸಗಿಯಾಗಿ ಹಾಕಿಸಿಕೊಳ್ಳುವುದು ಕೂಲಿಯವರ ಮಕ್ಕಳಿಗೆ ಆಗುವ ಮಾತಲ್ಲ. ನಮ್ಮಲ್ಲಿ ಹೆಚ್ಚು ಕಾಣುವ ನ್ಯುಮೋಕಾಕಸಿಗೆ ಇದರಿಂದ ತಡೆಯೂ ಇಲ್ಲ. ಅನುಕೂಲವಿದ್ದವರು, ಮತ್ತು ಗುಲ್ಮ ತೆಗೆಸಿಕೊಂಡಂಥ ಅಪಾಯ ಹೆಚ್ಚಿರುವವರು, ವೈದ್ಯರನ್ನು ಕೇಳಿ ಖಂಡಿತ ಹಾಕಿಸಿಕೊಳ್ಳಲಿ. ಎಲ್ಲರಿಗೂ ಬೇಕೆಂದು ಮೆರವಣಿಗೆ ಹೊರಡುವ ಮೊದಲು, ಖರ್ಚಿಲ್ಲದೆ ಆಗುವ ಕೆಲಸಗಳನ್ನು ಮಾಡೋಣ ಎಂಬುದಷ್ಟೇ ನನ್ನ ಮಾತು.

ಹಾಗೆಂದು ಲಸಿಕೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಮೈಸೂರಿನವರು ಹಾಗೆ ಕಾಣುವಂತೆಯೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕ್ಕಿಯದೆನ್ನುವ ಒಂದು ವರ್ಣಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿದಿದ್ದರು. ಅವರು ಅರಮನೆಯ ರಾಣಿಯರು, ಅವರಲ್ಲಿ ದೇವಾಜಮ್ಮಣ್ಣಿಯವರು ಸೆರಗು ಸರಿಸಿ ತೋಳಿನ ಮೇಲೆ ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಜೆನ್ನರನ ಲಸಿಕೆ ಮುಂಬಯಿಯಲ್ಲಿ ಮೊದಲ ಮಗುವಿಗೆ ಹಾಕಿದ್ದು 1802ರಲ್ಲಿ. ಎರಡು ಮೂರು ವರ್ಷಗಳಲ್ಲಿಯೇ ಮೈಸೂರಿನ ಅಂತಃಪುರ ಅದಕ್ಕೆ ತೋಳು ಕೊಟ್ಟಿತು. ಈಚಿನ ದಿನಗಳ ಮಾತಿಗೆ ಬಂದರೆ, ಆಫ್ರಿಕದ ಮೆನಿಂಜೈಟಿಸ್ ಪಟ್ಟಿ ಎಂದು ಕರೆಯುವ ದೇಶಗಳಿಗೆ 2010ರಿಂದ ಐವತ್ತು ಸೆಂಟಿಗೂ ಕಡಿಮೆ ಬೆಲೆಯಲ್ಲಿ ಲಸಿಕೆ ಮಾಡಿ ಕಳಿಸಿದ್ದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಇಪ್ಪತ್ತೈದು ಕೋಟಿಗೂ ಹೆಚ್ಚು ಮಂದಿಗೆ ಅದು ಸಂದಿತು. ಅಲ್ಲಿ 'ಎ' ಗುಂಪಿನ ಮೆನಿಂಗೋಕಾಕಸ್ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಐದು ಗುಂಪುಗಳನ್ನು ತಡೆಯುವ ಅವರದೇ ಹೊಸ ಲಸಿಕೆಯನ್ನು 2024ರಲ್ಲಿ ನೈಜೀರಿಯ ಮೊದಲು ಬಳಸಿತು. ಅದು ಮುಂದೆ ನಮ್ಮ ಹಾಸ್ಟೆಲುಗಳಿಗೂ ಅಗ್ಗವಾಗಿ ಬಂದರೆ ನನ್ನ ವಾದವನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಮಾತು, ಗಾಬರಿಯ ವಿಷಯ. ಒಬ್ಬನಿಗೆ ಈ ಕಾಯಿಲೆ ಎಂದು ಗೊತ್ತಾದೊಡನೆ ಹಾಸ್ಟೆಲು ಖಾಲಿಯಾಗುವ ಸಂಭವ ಹೆಚ್ಚು. 1898ರಲ್ಲಿ ಪ್ಲೇಗು ಬಂದಾಗ ಮೈಸೂರಿನವರು ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು; ಅದು ಆ ಕಾಯಿಲೆಗೆ ತಕ್ಕ ಬುದ್ಧಿವಂತಿಕೆಯೇ, ಏಕೆಂದರೆ ಇಲಿಯಿದ್ದದ್ದು ಮನೆಯಲ್ಲಿ. ಆ ಪೆಟ್ಟಿನಿಂದ ಎಚ್ಚೆತ್ತೇ 1903ರಲ್ಲಿ ನಗರಾಭಿವೃದ್ಧಿಯ ಮಂಡಲಿ ಹುಟ್ಟಿತು, ಅಗಲವಾದ ಬೀದಿಗಳೂ ಹೊಸ ಬಡಾವಣೆಗಳೂ ಬಂದವು. ಆದರೆ ಮೆನಿಂಗೋಕಾಕಸ್ ಗೋಡೆಯಲ್ಲೋ ಹಾಸಿಗೆಯಲ್ಲೋ ಅವಿತಿರುವುದಿಲ್ಲ. ದೇಹದ ಹೊರಗೆ ಅದು ಹೆಚ್ಚು ಹೊತ್ತು ಬದುಕಲಾರದು. ಕೆಮ್ಮು, ಎಂಜಲು, ಬಹುಹೊತ್ತಿನ ಒಡನಾಟ, ಇವುಗಳಿಂದ ಹರಡುತ್ತದೆ. ಅದೇ ಕಾರಿಡಾರಿನಲ್ಲಿ ನಡೆದವರಿಗೆ, ಅದೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಭಯವಿಲ್ಲ. ಒಂದೇ ಕೋಣೆಯಲ್ಲಿ ಮಲಗಿದವರಿಗೆ, ಎಂಜಲು ಹಂಚಿಕೊಂಡವರಿಗೆ ಮಾತ್ರ ಡಾಕ್ಟರು ಮುಂಜಾಗ್ರತೆಯ ಔಷಧಿ ಕೊಡುತ್ತಾರೆ; ಸಿಪ್ರೊಫ್ಲಾಕ್ಸಸಿನ್ ಆದರೆ ಒಂದೇ ಮಾತ್ರೆ. ಅದನ್ನು ಒಂದು ದಿನದೊಳಗೆ ಕೊಡುವುದು ಉತ್ತಮ. ಆ ಐದಾರು ಮಂದಿ ಆ ಹೊತ್ತಿಗೆ ಐದಾರು ತಾಲ್ಲೂಕಿನ ಬಸ್ಸು ಹತ್ತಿದ್ದರೆ ಅವರನ್ನು ಹುಡುಕುವವರಾರು? ಓಡಿಹೋಗುವುದರಿಂದ ಓಡಿದವರಿಗೇ ನಷ್ಟ. ಕಾಯಿಲೆ ನ್ಯುಮೋಕಾಕಸಿನದಾಗಿದ್ದರೆ ಜೊತೆಯವರಿಗೆ ಯಾವ ಔಷಧಿಯೂ ಬೇಕಿಲ್ಲ. ಯಾವುದೆಂದು ತಿಳಿಯುವುದು ಮತ್ತೆ ಆ ಬೆನ್ನಿನ ನೀರಿನಿಂದಲೇ.

ನಮ್ಮ ಪ್ರಾಂಶುಪಾಲರಲ್ಲಿಯೂ ಹಾಸ್ಟೆಲಿನ ಮೇಲ್ವಿಚಾರಕರಲ್ಲಿಯೂ ನನ್ನ ವಿನಂತಿ ದೊಡ್ಡದೇನಲ್ಲ. ಪ್ರತಿ ಮಹಡಿಗೆ ಒಂದು ಜ್ವರದ ಪುಸ್ತಕ ಇರಲಿ: ಯಾರಿಗೆ, ಯಾವತ್ತಿನಿಂದ, ರಾತ್ರಿ ಹತ್ತಕ್ಕೆ ಹೇಗಿದ್ದ, ಬೆಳಿಗ್ಗೆ ಆರಕ್ಕೆ ಹೇಗಿದ್ದ ಎಂದು ಪಕ್ಕದ ಮಂಚದವನು ಒಂದು ಸಾಲು ಬರೆಯಲಿ. ಮಲಗಿದವನು ಮಲಗಿರಲಿ ಎಂದು ಬಿಡದೆ ಎಬ್ಬಿಸಿ ಮಾತನಾಡಿಸಲಿ, ಹೆಸರು, ವಾರ, ಊರು ಕೇಳಲಿ, ಬೈದರೆ ಬೈಸಿಕೊಳ್ಳಲಿ. ಜ್ವರವಿದ್ದವರನ್ನು ಡಾಕ್ಟರು ನೋಡಿ ಹೇಳುವವರೆಗೆ ಒಂಟಿಯಾಗಿ ಊರಿಗೆ ಕಳಿಸುವುದು ನಿಲ್ಲಲಿ. ರಾತ್ರಿಯ ಬೀಗದ ಕೈ ಎಲ್ಲಿರುತ್ತದೆಂದು ಕಾವಲುಗಾರನಿಗಲ್ಲದೆ ಇನ್ನಿಬ್ಬರಿಗೆ ಗೊತ್ತಿರಲಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದು ಇನ್ನೂ ಅಗತ್ಯ. ಅಲ್ಲಿ ಸಂಜೆ ಮುಚ್ಚಿದ ಗೇಟು ತೆರೆಯಬೇಕಾದರೆ ಮೂವರ ಅಪ್ಪಣೆ ಬೇಕು, ಮೂವರೂ ಫೋನು ಎತ್ತಬೇಕು. ನಮ್ಮ ರಾಜ್ಯದಲ್ಲಿ 2008ರಿಂದ 108 ಎಂಬ ಸಂಖ್ಯೆಗೆ ಬಿಟ್ಟಿಯಾಗಿ ಆಂಬುಲೆನ್ಸ್ ಬರುತ್ತದೆ. ಗೇಟಿನ ಹೊರಗೆ ಅದು ಬಂದು ನಿಂತಾಗ ಒಳಗಿನಿಂದ ಬೀಗ ಹಾಕಿರಬಾರದು. ಪೀಜಿಗಳಲ್ಲಿರುವವರಿಗೆ ಮೇಲ್ವಿಚಾರಕರೇ ಇಲ್ಲ. ಬಾಡಿಗೆ ವಸೂಲಿಗೆ ತಿಂಗಳಿಗೊಮ್ಮೆ ಬರುವ ಆಂಟಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವರ ಹೆಸರು ವಿಳಾಸಗಳನ್ನು ಕಾಲೇಜೇ ಬರೆದಿಟ್ಟುಕೊಂಡು, ಎರಡು ದಿನ ಹಾಜರಿಲ್ಲದವರನ್ನು ಒಬ್ಬ ಸಹಪಾಠಿ ಹೋಗಿ ನೋಡಿಬರುವ ಏರ್ಪಾಡಾಗಬೇಕು.

ಹಾಜರಿಯ ಮಾತು ಬಂದದ್ದರಿಂದ ಅಧ್ಯಾಪಕ ಮಹನೀಯರಲ್ಲಿ ಒಂದು ಅರಿಕೆ. ನೂರಕ್ಕೆ ಎಪ್ಪತ್ತೈದು ಹಾಜರಿಯ ನಿಯಮ ಸರಿಯಾದದ್ದೇ. ಆದರೆ ಜ್ವರದ ಪುಸ್ತಕದಲ್ಲಿ ಹೆಸರಿರುವವನಿಗೆ ಆ ಎರಡು ದಿನದ ಹಾಜರಿಯ ಭಯವಿಲ್ಲವೆಂದು ಮೊದಲ ವಾರದಲ್ಲಿಯೇ ತರಗತಿಯಲ್ಲಿ ಹೇಳಿದರೆ, ಮಾತ್ರೆ ನುಂಗಿಕೊಂಡು ಕಡೆಯ ಬೆಂಚಿನಲ್ಲಿ ತಲೆ ಹಿಡಿದು ಕೂರುವವರು ಕಡಿಮೆಯಾಗುತ್ತಾರೆ. ಈ ಸಲಹೆಗಳನ್ನು ಬರೆದು ವಿದ್ಯಾರ್ಥಿ ಸಂಘದ ಮೂಲಕ ಕಚೇರಿಗೆ ಕೊಟ್ಟಿದ್ದೇವೆ. ಜ್ವರದ ಪುಸ್ತಕಕ್ಕೆ ಅಪ್ಪಣೆ ಬರುವವರೆಗೆ ಕಾಯದೆ, ಎರಡನೆಯ ಮಹಡಿಯವರು ಇನ್ನೂರು ಪುಟದ ಒಂದು ನೋಟುಪುಸ್ತಕ ತಂದು ನೀರಿನ ಫಿಲ್ಟರಿನ ಪಕ್ಕದ ಮೊಳೆಗೆ ದಾರದಿಂದ ನೇತುಹಾಕಿದ್ದಾರೆ. ಈ ಲೇಖನ ಸಂಪಾದಕರ ಕೈಸೇರುವ ಹೊತ್ತಿಗೆ ಅದರಲ್ಲಿ ಹನ್ನೊಂದು ಹೆಸರುಗಳಿದ್ದವು. ಹತ್ತು ಬರೀ ಜ್ವರ, ಒಂದು ಡೆಂಗಿ.